ಬೆರಳೆತ್ತಿದರೆ ನಿಲ್ಲಿಸಬೇಕು

ಮುಂಬಯಿಯಲ್ಲಿದ್ದ ಸೋದರಮಾವ ಒಂದು ಮೇ ರಜೆಯಲ್ಲಿ ಶೆಟಗೇರಿಯ ನಮ್ಮ ಮನೆಗೆ ಬಂದಾಗ ತನ್ನ ಹಳೆಯ ವಿ.ಸಿ.ಆರ್. ಮತ್ತು ಧ್ರುವನ ಕಥೆಯ ಒಂದು ಕ್ಯಾಸೆಟ್ ತಂದಿದ್ದ. ದೇವರ ಚಿತ್ರ, ಎಲ್ಲರೂ ಕೂತು ನೋಡಬಹುದು ಎಂದು ಫುಟ್‌ಪಾತಿನಲ್ಲಿ ಕೊಂಡದ್ದಂತೆ. ಹಚ್ಚಿದರೆ ಶಬ್ದವೇ ಇಲ್ಲ. ಅಪ್ಪ ಟಿ.ವಿ.ಯ ವಾಲ್ಯೂಮ್ ಕಡೆಯ ತನಕ ತಿರುಗಿಸಿದ, ಹಿಂದಿನ ವಯರು ಕಿತ್ತು ಮತ್ತೆ ಸಿಕ್ಕಿಸಿದ, ಪೆಟ್ಟಿಗೆಯ ತಲೆಗೆ ಎರಡು ಬಡಿದ. ಕೊನೆಗೆ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದಾಗ ತಿಳಿಯಿತು, ಅದು ಸಿನೆಮಾಕ್ಕೆ ಮಾತು ಬರುವುದಕ್ಕಿಂತ ಮೊದಲಿನ ಮೂಕಿ ಚಿತ್ರ. ಮಾವನ ಮುಖ ನೋಡುವಂತಿರಲಿಲ್ಲ.

"ದೇವರೇ ಮೂಕ ಆದ್ರೆ ಹೆಂಗೆ? ನೀವಾದ್ರೂ ಅರ್ಥ ಹೇಳಿ," ಎಂದು ಆಯಿ, ನನ್ನ ಅಮ್ಮ, ಅಪ್ಪನನ್ನು ಕಿಚಾಯಿಸಿದಳು.

ಅವಳು ಹೇಳಿದ್ದು ತಮಾಷೆಗೆ. ಆದರೆ ಅಪ್ಪ ತಾಳಮದ್ದಲೆಯ ಹುಚ್ಚಿನವ. ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕೆಲಸ. ಮೈಕು ಕೆಟ್ಟ ದಿನ ಬರೀ ಗಂಟಲಿನಲ್ಲೇ ಊರಿನ ಹೆಸರು ಕೂಗಿ ಬಸ್ಸು ಬಿಡುತ್ತಿದ್ದ. ರಜೆ ಸಿಕ್ಕರೆ ಎಲ್ಲಿ ತಾಳಮದ್ದಲೆ ಇದೆಯೋ ಅಲ್ಲಿ ಹಾಜರು. ಭಾಗವತರು ಪದ ಹಾಡಿ ನಿಲ್ಲಿಸಿದ ಮೇಲೆ, ವೇಷವಿಲ್ಲದೆ ಕೂತಲ್ಲೇ, ಪಾತ್ರದ ಮಾತನ್ನು ಆ ಹೊತ್ತಿಗೆ ತೋಚಿದಂತೆ ಹೇಳುವ ಅರ್ಥಧಾರಿ ಅವನು. ಅಂಥವನಿಗೆ ಬಾಯಿ ಆಡಿಸುತ್ತಲೂ ಮಾತಾಡದ ರಾಜ, ರಾಣಿ, ನಾರದ ಸಿಕ್ಕರೆ ಬಿಡುತ್ತಾನೆಯೇ? ಗಂಟಲು ಸರಿಮಾಡಿಕೊಂಡು ಶುರುಮಾಡಿಯೇಬಿಟ್ಟ.

ತೊಂದರೆ ಒಂದೇ. ಆ ಕ್ಯಾಸೆಟ್ಟಿನಲ್ಲಿ ಎಲ್ಲರೂ ಬೆನ್ನಿಗೆ ನಾಯಿ ಬಿದ್ದವರ ಹಾಗೆ ಓಡುತ್ತಿದ್ದರು. ಅಪ್ಪನ ಒಂದು ವಾಕ್ಯ ಮುಗಿಯುವುದರೊಳಗೆ ರಾಣಿ ಅರಮನೆ ಬಿಟ್ಟು ಕಾಡು ಸೇರಿರುತ್ತಿದ್ದಳು. ಹಾಗಾಗಿ ಪಾಜ್ ಬಟನ್ ಒತ್ತುವ ಕೆಲಸ ನನಗೆ ಬಂತು. ಅಪ್ಪ ತೋರುಬೆರಳು ಎತ್ತಿದರೆ ನಿಲ್ಲಿಸಬೇಕು, ಇಳಿಸಿದರೆ ಬಿಡಬೇಕು. ಚಿತ್ರ ಅಡ್ಡಗೆರೆ ಬಿದ್ದು ನಡುಗುತ್ತ ನಿಲ್ಲುತ್ತಿತ್ತು, ಅಪ್ಪ ಹೇಳುತ್ತಲೇ ಇರುತ್ತಿದ್ದ. ಐದು ನಿಮಿಷ ದಾಟಿದರೆ ಯಂತ್ರಕ್ಕೇ ಬೇಸರ ಬಂದು ತಾನಾಗಿ ಓಡತೊಡಗುತ್ತಿತ್ತು, ಆಗ ಅಪ್ಪ ನನ್ನನ್ನು ಗದರುತ್ತಿದ್ದ. ನಾನು ಬಟನ್ ಮೇಲೆ ಹೆಬ್ಬೆಟ್ಟು ಇಟ್ಟು ಬೆರಳು ಕಾಯುತ್ತ ಕೂತಿರುತ್ತಿದ್ದೆ. ಮಾವ ಎರಡನ್ನೂ ನಮ್ಮಲ್ಲೇ ಬಿಟ್ಟುಹೋದ ಮೇಲೆ ನೆರೆಮನೆಯವರು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅದಕ್ಕಾಗಿಯೇ ಬರುತ್ತಿದ್ದರು. ಮಲತಾಯಿ ಧ್ರುವನನ್ನು ರಾಜನ ತೊಡೆಯಿಂದ ಎಳೆದು ಹಾಕುವ ಜಾಗದಲ್ಲಿ ಚಿತ್ರ ನಿಂತರೆ, ಅವನ ಹೆತ್ತ ತಾಯಿ ಸುನೀತಿಯ ಮಾತು ಬರುತ್ತಿತ್ತು. ಹೆಂಗಸರು ಸೆರಗು ಮೂಗಿಗೆ ಹಚ್ಚುತ್ತಿದ್ದರು. ಆಯಿ ಅಳುವುದನ್ನು ನಾನು ನೋಡಿದ್ದು ಅಲ್ಲಿ ಮಾತ್ರ.

ಮದುವೆಯಾಗಿ ನಾನು ಕಾರವಾರಕ್ಕೆ ಬಂದೆ. ಗಂಡನಿಗೆ ಕೈಗಾದಲ್ಲಿ ನೌಕರಿ. ಆಯಿ ತೀರಿಕೊಂಡ ಮರುವರ್ಷ, ಅಪ್ಪನಿಗೆ ಹಿತವಾಗಲಿ ಎಂದು ನಾನೇ ಹುಡುಕಿ ಅದೇ ಚಿತ್ರದ ಹೊಸ ಡಿ.ವಿ.ಡಿ. ತರಿಸಿದೆ. ಗಟ್ಟಿ ರಟ್ಟಿನ ಡಬ್ಬಿ, ಒಳಗೆ ಪುಸ್ತಕ, ಗೆರೆ ಕಲೆ ತೆಗೆದು ಸ್ವಚ್ಛ ಮಾಡಿದ ಚಿತ್ರ. ಓಟವನ್ನೂ ಸರಿಪಡಿಸಿದ್ದರು, ಜನ ಈಗ ಜನರ ಹಾಗೆ ನಡೆಯುತ್ತಿದ್ದರು. ಮೇಲೆ ಪಿಟೀಲು, ಕೊಳಲು, ದೊಡ್ಡ ವಾದ್ಯವೃಂದ. ಗಂಡನ ಜೊತೆ ಕೆಲಸ ಮಾಡುವವರು ಎರಡು ಸಂಸಾರ ಊಟಕ್ಕೆ ಬಂದಿದ್ದ ದಿನ ಅಪ್ಪನನ್ನೂ ಕರೆಸಿ ಅದನ್ನು ಹಚ್ಚಿದೆ.

ತೊಡೆಯ ದೃಶ್ಯ ಬಂತು. ಅಪ್ಪ ಗಂಟಲು ಸರಿಮಾಡಿಕೊಂಡು ಬೆರಳು ಎತ್ತಿದ. ರಿಮೋಟ್ ನನ್ನ ಕೈಯಲ್ಲೇ ಇತ್ತು. ಬಂದವರೆಲ್ಲ ಅವನ ಕಡೆ ತಿರುಗಿದರು, ಒಬ್ಬಳು ನಗು ತಡೆದುಕೊಂಡಳು. ನನಗೆ ನಾಚಿಕೆಯಾಯಿತು.

"ಅಪ್ಪಾ, ಸುಮ್ನಿರು. ಇದ್ರಲ್ಲಿ ಮ್ಯೂಸಿಕ್ ಅದೆ," ಅಂದೆ.

ಬೆರಳು ಇಳಿಯಿತು. ಅಪ್ಪ ಕೈ ಮಡಿಲಲ್ಲಿಟ್ಟುಕೊಂಡು ಮುಗಿಯುವ ತನಕ ನೋಡಿದ. "ಚಂದ ಅದೆ ತಂಗೀ," ಎಂದು ಹೇಳಿ ಸಂಜೆಯ ಬಸ್ಸಿಗೆ ಹೊರಟುಹೋದ. ಆ ಮೇಲೆ ಅವನು ಆ ಚಿತ್ರದ ಸುದ್ದಿಯನ್ನೇ ಎತ್ತಲಿಲ್ಲ, ತಾಳಮದ್ದಲೆಗೂ ಹೋಗುವುದು ಕಡಿಮೆಯಾಯಿತು. ವಯಸ್ಸಾಯಿತು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ದನಿ ಒಡೆಯತೊಡಗಿದಾಗ ಬಸ್ ಸ್ಟ್ಯಾಂಡಿನಲ್ಲಿ ಕೂಗಿದ್ದರ ಫಲ ಎಂದು ಅವನೇ ನಗೆಯಾಡಿದ. ತಿಂಗಳುಗಟ್ಟಲೆ ಕಷಾಯ ಕುಡಿದ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಷ್ಟರಲ್ಲಿ ಗಂಟಲಿನ ಗಡ್ಡೆ ಬೆಳೆದಿತ್ತು. ಧ್ವನಿಪೆಟ್ಟಿಗೆ ತೆಗೆಯಲೇಬೇಕು, ಹತ್ತು ದಿನದೊಳಗೆ ಬನ್ನಿ ಎಂದರು.

ಆ ಹತ್ತು ದಿನದಲ್ಲಿ ನನಗೆ ಬೇಕಾಗಿದ್ದದ್ದು ಒಂದೇ: ಅಪ್ಪನ ಅರ್ಥ ಒಮ್ಮೆಯಾದರೂ ಫೋನಿನಲ್ಲಿ ಹಿಡಿದಿಡಬೇಕು. ಶೆಟಗೇರಿಗೆ ಹೋಗಿ ಕಪಾಟಿನಿಂದ ಹಳೆಯ ಕ್ಯಾಸೆಟ್ ತೆಗೆದೆ. ಸಮುದ್ರದ ಗಾಳಿಗೆ ಟೇಪಿನ ಮೇಲೆಲ್ಲ ಬಿಳಿ ಬೂಷ್ಟು ಹಿಡಿದಿತ್ತು, ವಿ.ಸಿ.ಆರ್. ಒಳಗೆ ಇರುವೆ ಗೂಡು ಕಟ್ಟಿತ್ತು. ಕಾರವಾರದ ರಿಪೇರಿ ಅಂಗಡಿಯವ ಅದನ್ನು ನೋಡಿ, "ಇದ್ನ ಇನ್ನೂ ಇಟ್ಕೊಂಡೀರಲ್ಲಕ್ಕಾ!" ಎಂದು ನಕ್ಕ. ಬೇರೆ ದಾರಿಯಿಲ್ಲದೆ ಡಿ.ವಿ.ಡಿ.ಯನ್ನೇ ಶಬ್ದ ತೆಗೆದು ಹಚ್ಚಿದೆ. ಅಪ್ಪ ಪ್ರಯತ್ನಿಸಿದ. ಒಡೆದ ದನಿ ಎರಡು ಮಾತಿಗೇ ಕೆಮ್ಮಾಯಿತು.

"ಇದರ ಓಟವೇ ಬೇರೆ. ನಂಗೆ ಒಗ್ಗುದಿಲ್ಲ. ಬಂದ್ ಮಾಡು ತಂಗೀ."

ಫೋನಿನಲ್ಲಿ ಉಳಿದದ್ದು ಕೆಮ್ಮು, ಮತ್ತು ಈ ಮಾತು. ಅಷ್ಟೇ.

ಈಗ ಅಪ್ಪ ನಮ್ಮಲ್ಲೇ ಇದ್ದಾನೆ. ಕುತ್ತಿಗೆಯ ತೂತಿನ ಮೇಲೆ ಬಿಳಿ ಬಟ್ಟೆ, ಕೈಯಲ್ಲಿ ನೋಟುಬುಕ್ಕು. ಮಾತು ಬೇಕಾದರೆ ಬರೆದು ತೋರಿಸುತ್ತಾನೆ. ಸುನೀತಿಯ ಅರ್ಥವನ್ನು ಬರೆದುಕೊಡು ಎಂದು ನಾನು ಬಹಳ ಸಲ ಪೀಡಿಸಿದೆ. ಒಮ್ಮೆ ಸಿಟ್ಟಿನಿಂದಲೇ ಬರೆದ: "ಅರ್ಥ ಬರೆಯುವದಲ್ಲ."

ಕಳೆದ ಭಾನುವಾರ ಮಧ್ಯಾಹ್ನ ಅವನೇ ಆ ಡಬ್ಬಿಯತ್ತ ಕೈ ತೋರಿಸಿದ. ಗಂಡ ಡ್ಯೂಟಿಗೆ ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. ಪಿಟೀಲು ಶುರುವಾಯಿತು, ರಾಜ ನಿಧಾನವಾಗಿ ನಡೆದು ಬಂದು ಸಿಂಹಾಸನದ ಮೇಲೆ ಕೂತ. ಮಲತಾಯಿ ಹುಡುಗನ ತೋಳು ಹಿಡಿದಳು.

ಅಪ್ಪನ ಬೆರಳು ಎದ್ದಿತು.

ಈ ಸಲ ಒತ್ತಿದೆ. ಪಿಟೀಲು ನಿಂತಿತು. ಚಿತ್ರ ಒಂದಿಷ್ಟೂ ನಡುಗದೆ ನಿಂತಿತು. ಅಪ್ಪನ ತುಟಿ ಆಡತೊಡಗಿತು. ಕುತ್ತಿಗೆಯ ಬಟ್ಟೆ ಉಸಿರಿಗೆ ಉಬ್ಬಿ ಇಳಿಯುತ್ತಿತ್ತು. ಅಲ್ಲಿಲ್ಲದ ಮಗುವಿನ ತಲೆಯನ್ನು ಎಡಗೈ ಸವರಿತು. ಎಷ್ಟೋ ಹೊತ್ತು ಹೇಳಿದ, ಕಣ್ಣಲ್ಲಿ ನೀರು ಬಂತು. ನಾನು ಅವನ ಬಾಯನ್ನೇ ನೋಡುತ್ತ ಒಂದಾದರೂ ಶಬ್ದ ಹಿಡಿಯಲು ನೋಡಿದೆ. ಆಗಲಿಲ್ಲ. ನೆನಪಿನಿಂದ ತುಂಬಿಸಿಕೊಳ್ಳೋಣವೆಂದರೆ ಅಲ್ಲಿಯೂ ಏನೂ ಇರಲಿಲ್ಲ. ನೆರೆಯವರು ಅತ್ತರು, ಆಯಿ ಅತ್ತಳು, ಅವರಿಗೆಲ್ಲ ಕೇಳಿಸಿತ್ತು. ಅಷ್ಟು ವರ್ಷ ನಾನು ನೋಡಿದ್ದು ಬೆರಳನ್ನು ಮಾತ್ರ.

"ಏನ್ ಹೇಳ್ದೆ ಅಪ್ಪಾ?" ಎಂದು ಕೇಳಿದೆ.

ಅವನು ನೋಟುಬುಕ್ಕು ಎಳೆದುಕೊಂಡು ಬರೆದ: "ಹಳೇದೇ. ನಿಂಗೆ ಗೊತ್ತಿದ್ದದ್ದೇ."

ಹೌದೆಂದು ತಲೆಯಾಡಿಸಿದೆ. ಅಪ್ಪ ಬೆರಳು ಇಳಿಸಿದ. ನಾನು ಬಟನ್ ಒತ್ತಿದೆ.