ಮಾಸ್ನಾ ಅತ್ತಿಗೆ ಚುಕ್ಕಾಣಿ ಹಿಡಿದದ್ದು

ನನ್ನ ಅಣ್ಣ ಜೈಲಾನಿ ಸಂಗೌ ಊರಿನಿಂದ ಮದುವೆಯಾಗಿ ತಂದ ಹೆಣ್ಣಿಗೆ ಈಜು ಬರುತ್ತಿರಲಿಲ್ಲ. ಅವಳಪ್ಪ ರಬ್ಬರ್ ಹಾಲು ಇಳಿಸುವವನು. ಹೊಳೆಗೆ ಬೆನ್ನು ಹಾಕಿಕೊಂಡು ಬದುಕಿದ ಮನೆ ಅದು. ಮೊದಲ ದಿನ ನಮ್ಮ ದೋಣಿ ದಡ ಬಿಟ್ಟಾಗ ಮಾಸ್ನಾ ಅತ್ತಿಗೆ ಅಡುಗೆಕೋಣೆಯ ಕಂಬ ತಬ್ಬಿಕೊಂಡು ಕೂತವಳು ಸೆಕಡೌ ಬರುವವರೆಗೂ ಬಿಡಲಿಲ್ಲವಂತೆ. ಪಕ್ಕದ ದೋಣಿಯಿಂದ ಅಪೆಕ್ ಲಿಮ್ ಕೂಗಿದನಂತೆ:

"ಏ ಜೈಲಾನಿ, ಹೆಂಡ್ತೀನ ಕರ್ಕೊಂಡು ಬಾ ಅಂದ್ರೆ ಕಂಬಕ್ಕೆ ಜೋಡಿ ತಂದಿದ್ದೀಯಲ್ಲೋ!"

ಇದು 1971ರ ಮಾತು. ಆಗ ಕಪುವಾಸ್ ಹೊಳೆಯ ಮೇಲೆ ಇಂಥ ದೋಣಿಗಳು ನೂರಾರು ಇದ್ದವು. ಬಂದೊಂಗ್ ಅನ್ನುತ್ತೇವೆ. ಮುಂದೆ ಚುಕ್ಕಾಣಿ, ನಡುವೆ ಉಪ್ಪು, ಸಕ್ಕರೆ, ಸೀಮೆಎಣ್ಣೆ, ಬಟ್ಟೆಯ ಅಂಗಡಿ, ಹಿಂದೆ ಮಲಗುವ ಜಾಗ, ಅಡುಗೆ, ಕೋಳಿ ಗೂಡು. ಮೇಲೆ ಚಾವಣಿಯ ಮೇಲೆ ಮೆಣಸಿನ ಗಿಡದ ಕುಂಡಗಳು. ಹೊಳೆ ಸಮುದ್ರ ಸೇರುವ ಕಡೆಯ ಪೇಟೆ ಪೊಂಟಿಯಾನಕ್‌ನಲ್ಲಿ ಸಾಮಾನು ತುಂಬಿಕೊಂಡು ಹೊರಟರೆ ಹೊಳೆಯ ಮೇಲ್ತುದಿಯ ಪುತುಸಿಬೌ ಮುಟ್ಟಿ ತಿರುಗಿ ಬರಲು ಎರಡು ತಿಂಗಳು. ದಡದ ಊರಿನವರಿಗೆ ನಾವು ಅಂಗಡಿಯವರು. ನಮಗೆ ನಾವು ಮಾತ್ರ ಒಂದೇ ಬೀದಿಯ ಜನ. ಆ ಬೀದಿ ತೇಲುತ್ತಿತ್ತು, ಅಷ್ಟೆ.

ನಮ್ಮದೂ ಸೇರಿ ಜೊತೆಗಾರ ದೋಣಿಗಳು ಒಟ್ಟು ಐದು. ಮುಂದಿನದು ಪಾಕ್ ಲೊಂಗ್ ಸಹದಾನ್ ಅವರದು. ನಮ್ಮೆಲ್ಲರಿಗಿಂತ ಹಿರಿಯರು, ನಮಗೆಲ್ಲ ದೊಡ್ಡಪ್ಪನ ಸಮಾನ. ಅಪೆಕ್ ಲಿಮ್‌ನದು ಒಂದು. ಅಪೆಕ್ ಅಂದರೆ ಚೀನೀ ಮುದುಕ. ಮೂವತ್ತೈದಕ್ಕೇ ತಲೆ ಬೋಳಾದದ್ದರಿಂದ ಅವನಿಗೆ ಆ ಹೆಸರು ಬೇಗ ಬಂದುಬಿಟ್ಟಿತ್ತು. ಇನ್ನೆರಡು ತಾಯಾನ್ ಕಡೆಯ ಅಣ್ಣತಮ್ಮಂದಿರದು. ಒಬ್ಬರ ಎಂಜಿನ್ ಕೆಟ್ಟರೆ ಇನ್ನೊಬ್ಬರು ಹಗ್ಗ ಕಟ್ಟಿ ಎಳೆಯುತ್ತಿದ್ದರು. ಒಂದು ದೋಣಿಯಲ್ಲಿ ಹುಳಿಮೀನಿನ ಸಾರು ಕುದ್ದರೆ ಐದು ದೋಣಿಗೂ ವಾಸನೆಯ ಹಿಂದೆಯೇ ಬಟ್ಟಲು ಬರುತ್ತಿತ್ತು. ಅತ್ತಿಗೆಗೆ ಈಜು ಕಲಿಸಿದ್ದು ಪಾಕ್ ಲೊಂಗ್ ಅವರ ಹೆಂಡತಿ. ಸೊಂಟಕ್ಕೆ ಹಗ್ಗ ಕಟ್ಟಿ, ಎಮ್ಮೆಯನ್ನು ಇಳಿಸಿದ ಹಾಗೆ ಇಳಿಸಿ, ಒಂದೇ ಪ್ರಯಾಣದಲ್ಲಿ ಕಲಿಸಿದರು.

ನಾನು ಆ ದೋಣಿ ಹತ್ತಿದ್ದು 1980ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ. ಅತ್ತಿಗೆ ಎರಡನೆಯ ಸಲ ಬಸುರಿ. ನೆರವಿಗೆಂದು ಅಮ್ಮ ಕಳಿಸಿದ್ದಳು. ಮನೆಯಲ್ಲಿ ನಾನೇ ಕಿರಿಯವಳು, ಹಾಗಾಗಿ ಎಲ್ಲರಿಗೂ ನಾನು ಉಸು. ಬಂದ ಕೆಲವೇ ದಿನಗಳಲ್ಲಿ ಒಂದು ವಿಷಯ ಕಂಡು ನನಗೆ ನಗು ಬರುತ್ತಿತ್ತು. ಅಣ್ಣ ಚುಕ್ಕಾಣಿ ಹಿಡಿದನೆಂದರೆ ಸಾಕು, ಅತ್ತಿಗೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತುಬಿಡುವಳು. ಈರುಳ್ಳಿ ಸುಲಿಯುತ್ತ, ಮಗಳ ತಲೆ ಬಾಚುತ್ತ ಬಾಯಿಗೆ ಬಿಡುವಿಲ್ಲದೆ ಮಾತು.

"ಬಲಗಡೆ ಹಾಜಿಯವರ ರಬ್ಬರ್ ತೋಟ ಬಂತು ನೋಡಿ. ಅಯ್ಯೋ, ಆ ಬಾಗಿದ ಮರ ಇನ್ನೂ ಬಿದ್ದಿಲ್ಲ, ಈ ಸಲ ತುದಿ ನೀರಿಗೇ ತಾಗಿದೆ. ಅದರಾಚೆ ದಿಮ್ಮಿ ತೇಲ್ತಾ ಬರ್ತಿದೆ, ಉದ್ದದ್ದು. ಎಡಕ್ಕೆ ಹೋದ್ರೆ ವಾಸಿ ಅಲ್ವಾ?"

"ಮದುವೆಯಾಗಿ ಒಂಬತ್ತು ವರ್ಷ ಆಯ್ತು, ಇನ್ನೂ ಇಷ್ಟೊಂದು ಮಾತಾ?" ಎಂದು ನಾನು ಕೆಣಕಿದರೆ, "ನಿಂಗೂ ಮದುವೆ ಆಗ್ಲಿ, ಆಮೇಲೆ ಹೇಳ್ತೀನಿ" ಎನ್ನುತ್ತಿದ್ದಳು.

ಒಂದು ದಿನ ಅತ್ತಿಗೆಗೆ ಜ್ವರ ಬಂತು. ಚಾಪೆ ಬಿಟ್ಟು ಏಳಲಾಗಲಿಲ್ಲ. ಮಣೆಯ ಮೇಲೆ ನನ್ನನ್ನು ಕೂರಿಸಿದಳು. ನಾನು ಸುಮ್ಮನೆ ಕೂತೆ, ಅಣ್ಣನೂ ಸುಮ್ಮನಿದ್ದ. ಅವನ ಹಣೆಯಲ್ಲಿ ಬೆವರು. ಸ್ವಲ್ಪ ಹೊತ್ತಿಗೆ ಕೇಳಿದ:

"ಉಸು, ಪಾಕ್ ಲೊಂಗ್ ದೋಣಿ ಯಾವ ಕಡೆ ತಿರುಗ್ತು?"

ಪಾಕ್ ಲೊಂಗ್ ದೋಣಿ ನಮ್ಮ ಮುಂದೆಯೇ, ಕೂಗಿದರೆ ಓ ಅನ್ನುವಷ್ಟು ದೂರದಲ್ಲಿತ್ತು. ತಮಾಷೆ ಅಂದುಕೊಂಡು ಅವನ ಮುಖ ನೋಡಿದೆ. ಅವನು ತಮಾಷೆ ಮಾಡುತ್ತಿರಲಿಲ್ಲ.

"ಅಣ್ಣ, ನಿಂಗೆ ಕಾಣಿಸ್ತಿಲ್ವಾ?"

"ಮೊದಲು ಹೇಳು, ಯಾವ ಕಡೆ?"

"ಬಲಕ್ಕೆ."

ಬಲಕ್ಕೆ ತಿರುಗಿಸಿದ. ಆಮೇಲೆ ಹೇಳಿದ. ಒಂದು ವರ್ಷದಿಂದ ಎಲ್ಲವೂ ಗಂಜಿ ನೀರಿನ ಹಿಂದೆ ಇದ್ದ ಹಾಗೆ. ಬೆಳಕು ಗೊತ್ತಾಗುತ್ತದೆ, ಗಾಢ ಬಣ್ಣ ಗೊತ್ತಾಗುತ್ತದೆ, ಉಳಿದದ್ದೆಲ್ಲ ಅತ್ತಿಗೆಯ ಬಾಯಿ. "ಯಾರ ಹತ್ರಾನೂ ಬಾಯಿ ಬಿಡಬೇಡ. ಕುರುಡನ ದೋಣಿಗೆ ಪೇಟೆಯಲ್ಲಿ ಯಾರು ಸಾಮಾನು ತುಂಬ್ತಾರೆ? ಹೊಳೆ ಬಿಟ್ಟು ದಡಕ್ಕೆ ಹತ್ತಿ ನಾನು ಏನು ಮಾಡ್ಲಿ?"

ನಾನು ಬಾಯಿ ಬಿಡಲಿಲ್ಲ. ಅವತ್ತು ಸಂಜೆಯವರೆಗೂ ಕೊಕ್ಕರೆ, ದಿಮ್ಮಿ, ಸೇತುವೆ, ಸ್ನಾನದ ಕಟ್ಟೆ ಎಂದು ಕಂಡದ್ದನ್ನೆಲ್ಲ ಹೇಳಿ ಗಂಟಲು ಹರಿದುಕೊಂಡೆ. ಅತ್ತಿಗೆ ಇದನ್ನು ದಿನಾ ಹೇಗೆ ಮಾಡುತ್ತಾಳೆಂದು ಆಶ್ಚರ್ಯವಾಯಿತು. ಮಾಡುವುದಷ್ಟೇ ಅಲ್ಲ, ಅದು ಗಂಡ ಹೆಂಡಿರ ಹರಟೆಯಂತೆ ಕೇಳುವ ಹಾಗೆ ಮಾಡುತ್ತಿದ್ದಳು.

ಅತ್ತಿಗೆಗೆ ಮಗುವಾದ ಮೇಲೂ ನಾನು ದೋಣಿಯಲ್ಲೇ ಉಳಿದೆ. ಎರಡು ವರ್ಷ ಹೀಗೇ ಕಳೆಯಿತು. 1982ರಲ್ಲಿ ದೊಡ್ಡ ಬೇಸಗೆ ಬಂತು. ಸೆಲಿಂಬೌ ದಾಟಿ ಜೊಂಗ್ಕೊಂಗ್ ಕಡೆ ಹೋಗುತ್ತಿದ್ದಾಗ ಹೊಳೆ ದಿನಕ್ಕೊಂದು ಮೊಳ ಇಳಿಯತೊಡಗಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಐದೂ ದೋಣಿ ಮರಳಿನ ಮೇಲೆ ಕೂತಿವೆ. ಮುಂದೆ ಮರಳು, ಹಿಂದೆ ಮರಳು, ನಡುವೆ ಬಾತುಕೋಳಿ ಈಜುವಷ್ಟು ನೀರು.

ಮೂವತ್ತೊಂದು ದಿನ ಅಲ್ಲಿದ್ದೆವು. ಇವತ್ತಿಗೂ ನನ್ನ ಬದುಕಿನ ಒಳ್ಳೆಯ ದಿನಗಳು ಯಾವುವೆಂದು ಯಾರಾದರೂ ಕೇಳಿದರೆ ನನ್ನ ಮನಸ್ಸು ಮೊದಲು ಓಡುವುದು ಆ ಮರಳಿಗೇ. ದೋಣಿಯಿಂದ ದೋಣಿಗೆ ಹಲಗೆ ಹಾಕಿ ಒಂದೇ ಮನೆ ಮಾಡಿಕೊಂಡೆವು. ಅಕ್ಕಿಯನ್ನೆಲ್ಲ ಪಾಕ್ ಲೊಂಗ್ ಅವರ ದೋಣಿಯಲ್ಲಿ ಸೇರಿಸಿ ಒಂದೇ ಒಲೆ ಹಚ್ಚಿದೆವು. ಗುಂಡಿಗಳಲ್ಲಿ ಸಿಕ್ಕಿಕೊಂಡ ಮೀನನ್ನು ಗಂಡಸರು ಬುಟ್ಟಿಯಲ್ಲಿ ಬಾಚುತ್ತಿದ್ದರು. ನಾವು ಅದನ್ನು ಕುಟ್ಟಿ, ಸಾಗೋ ಹಿಟ್ಟಿಗೆ ಕಲಸಿ, ಉದ್ದಕ್ಕೆ ಹೊಸೆದು ಬೇಯಿಸುತ್ತಿದ್ದೆವು. ಅಪೆಕ್ ಲಿಮ್ ಮರಳಿನ ಮೇಲೆ ಕುರ್ಚಿ ಹಾಕಿ ಕ್ಷೌರದಂಗಡಿ ತೆಗೆದ. ತಲೆಯಲ್ಲಿ ಒಂದು ಕೂದಲಿಲ್ಲದವನು ಎಲ್ಲರ ತಲೆ ಕೆಡಿಸುತ್ತಾನೆಂದು ಪಾಕ್ ಲೊಂಗ್ ಬೈಯುತ್ತಲೇ ತಲೆ ಕೊಟ್ಟರು. ಸಂಜೆ ಮೀನುಬಲೆ ಕಟ್ಟಿ ವಾಲಿಬಾಲ್. ಅತ್ತಿಗೆ ಸೊಂಟಕ್ಕೆ ಲುಂಗಿ ಸಿಕ್ಕಿಸಿಕೊಂಡು ಆಡಿದಳು. ಅಣ್ಣ ಆಡಲಿಲ್ಲ. ಕಾಲು ಉಳುಕಿದೆ ಅಂದ. ಮೂವತ್ತೊಂದು ದಿನವೂ ಕಾಲು ಉಳುಕಿಯೇ ಇತ್ತು. ಯಾರೂ ಏನೂ ಕೇಳಲಿಲ್ಲ.

ಮೂವತ್ತೊಂದನೆಯ ರಾತ್ರಿ ಮೇಲಿನ ಬೆಟ್ಟಗಳಲ್ಲಿ ಗುಡುಗು ಕೇಳಿಸಿತು. ಬೆಳಗಾಗುವಾಗ ಕೆಂಪು ನೀರು ಬಂದು ದೋಣಿಗಳ ಹೊಟ್ಟೆ ಮುಟ್ಟಿತು. ಮಳೆ ನಿಂತರೆ ಮತ್ತೆ ಇಳಿದುಬಿಡುವ ನೀರು, ತಡ ಮಾಡುವಂತಿರಲಿಲ್ಲ. ಆದರೆ ಮರಳು ಸರಿದು ಹೊಳೆಯ ಹಳೆಯ ಆಳವೆಲ್ಲ ಜಾಗ ಬದಲಿಸಿತ್ತು. ಮುಂದೆ ಹೋಗುವವನು ದಾರಿ ಹುಡುಕಿಕೊಂಡೇ ಹೋಗಬೇಕು. ಪಾಕ್ ಲೊಂಗ್ ಎಲ್ಲರನ್ನೂ ಕರೆದರು.

"ನನ್ನ ದೋಣಿ ಮುಂದೆ. ಜೈಲಾನಿ ಎಂದಿನ ಹಾಗೆ ನಡುವೆ," ಎಂದರು.

ಅಣ್ಣನಿಗೆ ಅವತ್ತು ಏನಾಯಿತೋ. ಮೂವತ್ತೊಂದು ದಿನ ಗಂಡಸರ ಆಟಗಳಿಂದ ದೂರ ಕೂತಿದ್ದ ಸಿಟ್ಟೋ ಏನೋ. "ನಿಮ್ಮ ದೋಣಿ ಭಾರ, ಪಾಕ್ ಲೊಂಗ್. ಐದರಲ್ಲಿ ಹಗುರ ನಂದು. ನಾನು ಮುಂದೆ ಹೋಗ್ತೀನಿ," ಎಂದ.

ಮಾತು ಸರಿಯಾದದ್ದೇ. ಆದರೂ ಅತ್ತಿಗೆ ನೆಲ ನೋಡುತ್ತಿದ್ದಳು. ಪಾಕ್ ಲೊಂಗ್ ಬೀಡಿ ಆರಿಸಿ, ನಿಧಾನವಾಗಿ ಹೇಳಿದರು:

"ಆಗ್ಲಿ ಮಗಾ. ನಿನ್ನ ದೋಣಿನೇ ಮುಂದೆ ಹೋಗ್ಲಿ. ಚುಕ್ಕಾಣಿ ಮಾಸ್ನಾ ಹಿಡೀಲಿ."

ಅಣ್ಣ ಚಟ್ಟನೆ ತಿರುಗಿದ. "ಯಾರು ಹೇಳಿದ್ದು? ಉಸು, ನೀನಾ?"

"ಆ ಮಗುವನ್ನ ಯಾಕೆ ಗದರಿಸ್ತೀಯ?" ಎಂದ ಅಪೆಕ್ ಲಿಮ್. "ನೀನೇ ಹೇಳಿದ್ದು. ಎರಡು ವರ್ಷದ ಹಿಂದೆ ಸಿಂತಾಂಗ್ ಕಟ್ಟೆ ಮೇಲೆ ನನ್ನ ಹೆಂಡ್ತಿ ಎದುರಿಗೆ ನಿಂತು, 'ಏನೋ ಅಪೆಕ್, ಹೊಟ್ಟೆ ಇನ್ನೂ ದಪ್ಪ ಮಾಡ್ಕೊಂಡಿದ್ದೀಯ' ಅಂದ್ಯಲ್ಲ? ನಾನೇನೋ ಮರೆತೆ. ಅವಳು ಇನ್ನೂ ಅನ್ನ ಕಮ್ಮಿ ತಿಂತಾ ಇದ್ದಾಳೆ."

ಅಪೆಕ್ ಲಿಮ್ ಅಲ್ಲಿಗೇ ಬಿಡಲಿಲ್ಲ. "ಪಾಕ್ ಲೊಂಗ್ ಎರಡು ವರ್ಷದಿಂದ ಚಾವಣಿ ಮೇಲೆ ಆ ಕೆಂಪು ಲುಂಗಿ ಯಾಕೆ ಕಟ್ಟಿದ್ದಾರೆ ಅಂದ್ಕೊಂಡೆ? ಒಣಗೋಕಾ? ತಿರುವು ಬಂದಾಗೆಲ್ಲ ನಾನು ಹಿಂದಿನಿಂದ ಹಾರ್ನ್ ಹೊಡೀತೀನಲ್ಲ, ನಂಗೇನು ಹುಚ್ಚಾ?"

ಆಗ ನನಗೂ ಅರ್ಥವಾಯಿತು. ನಾವು ಮೂವರು ಬಚ್ಚಿಟ್ಟುಕೊಂಡಿದ್ದೇವೆ ಅಂದುಕೊಂಡದ್ದನ್ನು ಉಳಿದ ನಾಲ್ಕು ದೋಣಿಯ ಜನ ಸೇರಿ ಕಾಯುತ್ತಿದ್ದರು. ಮುಂದೊಂದು, ಹಿಂದೆ ಮೂರು ದೋಣಿ ಬಿಟ್ಟು ನಮ್ಮನ್ನು ನಡುವೆ ಇಟ್ಟುಕೊಂಡೇ ನಡೆಸಿದ್ದರು. ಪೇಟೆಯಲ್ಲಿ ಒಬ್ಬರೂ ಉಸಿರೆತ್ತಿರಲಿಲ್ಲ.

ಅಣ್ಣ ಎದ್ದು ಮರಳಿನ ತುದಿಯವರೆಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಅತ್ತಿಗೆ ಹಿಂದೆ ಹೋಗಲಿಲ್ಲ. "ಪಾಕ್ ಲೊಂಗ್, ಅವರು ಊಟ ಮಾಡುವಾಗ ಒಂದೆರಡು ಸಲ ಹಿಡಿದಿದ್ದೇನೆ, ಅಷ್ಟೇ. ನನ್ನಿಂದ ಆಗಲ್ಲ," ಎಂದಳು.

"ಇಷ್ಟು ವರ್ಷ ಈ ಹೊಳೆಯನ್ನ ಗಟ್ಟಿಯಾಗಿ ಓದಿ ಹೇಳಿದವಳು ನೀನು. ನಾವೆಲ್ಲ ಅಭ್ಯಾಸದ ಮೇಲೆ ನಡೆಸ್ತೀವಿ. ನೋಡಿ ನಡೆಸೋಳು ನೀನೊಬ್ಬಳೇ," ಎಂದರು ಪಾಕ್ ಲೊಂಗ್.

ನೀರು ಮೊಣಕಾಲಿಗೆ ಬಂದಿತ್ತು. ಅಣ್ಣ ತಾನಾಗಿಯೇ ತಿರುಗಿ ಬಂದ. ಅತ್ತಿಗೆಯ ತೋಳು ಹುಡುಕಿ ಹಿಡಿದು, "ಹತ್ತು. ನಾನು ಪಕ್ಕದಲ್ಲಿ ಕೂರ್ತೀನಿ," ಎಂದ.

ಹೊರಟೆವು. ನಾನು ದೋಣಿಯ ಮೂಗಿನ ತುದಿಯಲ್ಲಿ ನಿಂತು ಗಳ ಹಿಡಿದು ಆಳ ನೋಡುತ್ತ ಕೂಗುತ್ತಿದ್ದೆ. ಅತ್ತಿಗೆಯ ಬಾಯಿ ಮಾತ್ರ ನಿಲ್ಲಲಿಲ್ಲ; ಅಭ್ಯಾಸ. "ಎಡಕ್ಕೆ ನೊರೆ ಇದೆ, ಅಲ್ಲಿ ಮರಳು. ನಡುವೆ ನೀರು ಕಪ್ಪಗಿದೆ, ಅಲ್ಲಿ ಹೋಗ್ತೀನಿ." ಅರ್ಧ ದಾರಿಯಲ್ಲಿ ದೋಣಿಯ ಅಡಿ ಸರಕ್ಕೆಂದಿತು. ಅತ್ತಿಗೆಯ ಕೈ ಹೆಪ್ಪುಗಟ್ಟಿದ ಹಾಗೆ ನಿಂತುಬಿಟ್ಟಿತು. ನಾನು ಗಳ ಬಿಟ್ಟು ಕಿರುಚಿದೆ. ಅಣ್ಣ ಕೂತಲ್ಲಿಂದಲೇ ತಲೆ ಓರೆ ಮಾಡಿ ಎಂಜಿನ್ ಸದ್ದು ಕೇಳಿಸಿಕೊಂಡ.

"ಹೆದರಬೇಡ. ಮೂಗು ಮಾತ್ರ ತಾಗಿದೆ, ಬಾಲ ತೇಲ್ತಿದೆ. ಎಂಜಿನ್ ವೇಗ ಇಳಿಸು. ಹಿಂದಕ್ಕೆ ತಗೋ. ಈಗ ಬಲಕ್ಕೆ... ಇನ್ನೂ... ಸಾಕು."

ದೋಣಿ ಬಿಡಿಸಿಕೊಂಡಿತು. ಅವಳ ಕಣ್ಣು, ಅವನ ಕಿವಿ. ಮಧ್ಯಾಹ್ನದ ಹೊತ್ತಿಗೆ ಆಳದ ನೀರು ಸಿಕ್ಕಿತು. ಹಿಂದೆ ನಾಲ್ಕೂ ದೋಣಿಗಳು ನಮ್ಮ ಜಾಡಿನಲ್ಲೇ ಬಂದವು. ಜೊಂಗ್ಕೊಂಗ್ ಕಟ್ಟೆಗೆ ಮೊದಲು ಹಗ್ಗ ಎಸೆದದ್ದು ಮಾಸ್ನಾ ಅತ್ತಿಗೆ. ಕಟ್ಟಿಯಾದ ಮೇಲೆ ಹಲಗೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಪೆಕ್ ಲಿಮ್‌ನ ಹೆಂಡತಿ ಬಂದು ಏನೂ ಹೇಳದೆ ಅವಳ ಬೆನ್ನು ಸವರುತ್ತ ಕೂತಳು.

ಆಮೇಲೆ ಹತ್ತೊಂಬತ್ತು ವರ್ಷ ಆ ಚುಕ್ಕಾಣಿ ಅತ್ತಿಗೆಯ ಕೈಯಲ್ಲೇ ಇತ್ತು. ಪೇಟೆಯವರು ಮೊದಲು ಗೊಣಗಿದರು. ಪಾಕ್ ಲೊಂಗ್ ಹೋಗಿ ನಿಂತ ಮೇಲೆ ಸಾಮಾನು ತುಂಬಿದರು. ಅಣ್ಣನ ಕಣ್ಣಿನ ನರ ಒಣಗಿದೆ, ಏನೂ ಮಾಡುವಂತಿಲ್ಲ ಎಂದು ವೈದ್ಯರು ಹೇಳಿದರು. ಅವನು ಅಂಗಡಿಯಲ್ಲಿ ಕೂತು ಬಟ್ಟೆ ಮುಟ್ಟಿ ಬೆಲೆ ಹೇಳುವುದು ಕಲಿತ. ಊರೂರಿನ ಸುದ್ದಿಯನ್ನು ಊರೂರಿಗೆ ಹಂಚಿದ. ನಾನು ಮದುವೆಯಾಗಿ ಸಿಂತಾಂಗ್‌ನಲ್ಲಿ ಇಳಿದುಕೊಂಡೆ. ಅವರ ದೋಣಿ ಬಂದಾಗೆಲ್ಲ ಅತ್ತಿಗೆ ಮೂರು ಸಲ ಹಾರ್ನ್ ಹೊಡೆಯುವಳು. ನಾನು ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಓಡುತ್ತಿದ್ದೆ.

ರಸ್ತೆ ಬಂತು. ಎರಡು ತಿಂಗಳ ದಾರಿಯನ್ನು ಲಾರಿ ಎರಡು ದಿನಕ್ಕೆ ಇಳಿಸಿತು. ಜೊತೆಗಾರರು ಒಬ್ಬೊಬ್ಬರಾಗಿ ದಡ ಹತ್ತಿದರು. ಪಾಕ್ ಲೊಂಗ್ ತಮ್ಮ ದೋಣಿಯಲ್ಲೇ ಕಣ್ಣು ಮುಚ್ಚಿದರು. 2001ರಲ್ಲಿ ಅತ್ತಿಗೆ ಕೊನೆಯ ಸಲ ಪುತುಸಿಬೌಗೆ ಹೋದಾಗ ಅವಳ ಮುಂದೆಯೂ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ. "ಹೊಳೆ ಅದೇ ಉಸು, ಆದ್ರೆ ಅಡುಗೆ ಮಾಡಿ ಯಾರಿಗೆ ಕೊಡೋದು ಗೊತ್ತಾಗ್ಲಿಲ್ಲ," ಎಂದಳು. ದೋಣಿಯನ್ನು ಮಾರಿ, ಸಿಂತಾಂಗ್‌ನಲ್ಲಿ ನನ್ನ ಮನೆಯ ಪಕ್ಕದಲ್ಲೇ, ಹೊಳೆಯ ದಡದ ಮೇಲೆ ಮನೆ ಮಾಡಿದರು.

ಅಣ್ಣ ಹೋದ ವರ್ಷ ತೀರಿಕೊಂಡ. ಏಳನೆಯ ದಿನದ ಪ್ರಾರ್ಥನೆಗೆ ಹಳೆಯ ದೋಣಿಗಳ ಜನ ಬಂದರು. ಬಸ್ಸಿನಲ್ಲಿ, ಮೋಟಾರ್ ಸೈಕಲ್ಲಿನಲ್ಲಿ. ಎಂಬತ್ತು ದಾಟಿದ ಅಪೆಕ್ ಲಿಮ್ ಬಸ್ಸಿನಿಂದ ಇಳಿದವನೇ ಚರಂಡಿಯ ಪಕ್ಕ ಕೂತು ವಾಂತಿ ಮಾಡಿದ.

"ಐವತ್ತು ವರ್ಷ ಹೊಳೆ ಮೇಲೆ ಒಂದು ಸಲ ವಾಂತಿ ಮಾಡಿದವನಲ್ಲ," ಎಂದು ಬಾಯಿ ಒರೆಸಿಕೊಂಡ. "ಈ ರಸ್ತೆ ಹಾಕಿದವನಿಗೆ ತಿರುವು ಹೇಗೆ ಹಾಕ್ಬೇಕು ಅಂತ್ಲೇ ಗೊತ್ತಿಲ್ಲ ಮಾಸ್ನಾ."

ಪ್ರಾರ್ಥನೆ ಮುಗಿದು, ಊಟ ಮುಗಿದು ಜನ ಕರಗಿದ ಮೇಲೆ ಅವರಿಬ್ಬರೂ ಹಿಂದಿನ ಜಗಲಿಯಲ್ಲಿ ಹೊಳೆಗೆ ಮುಖ ಮಾಡಿ ಕೂತರು. ನಾನು ಕಾಫಿ ತಂದುಕೊಟ್ಟೆ. ಅಪೆಕ್ ಲಿಮ್ ತುಂಬ ಹೊತ್ತು ನೀರು ನೋಡಿದ.

"ಈ ವರ್ಷ ಆಳ ಆಚೆ ದಡಕ್ಕೆ ಹೋಗಿದೆ ಅಲ್ವಾ?"

"ಇಲ್ಲ. ನಡುವೆನೇ ಇದೆ. ನೀನು ಕನ್ನಡಕ ಬದಲಾಯಿಸ್ಬೇಕು," ಎಂದಳು ಅತ್ತಿಗೆ. ಏಳು ದಿನದಲ್ಲಿ ಅವಳು ಅಷ್ಟು ಉದ್ದದ ಮಾತಾಡಿದ್ದು ಅದೇ ಮೊದಲು.

"ನಡುವೆ ಎಲ್ಲಿದೆ? ಆ ನೊರೆ ನೋಡು."

"ಅದು ನೊರೆ ಅಲ್ಲ, ಮಿಲ್ಲಿನ ಹೊಟ್ಟು."

ಹೀಗೆ ವಾದ ಹತ್ತಿಕೊಂಡಿತು. ಮಸೀದಿಯಲ್ಲಿ ಇಳಿಹೊತ್ತಿನ ಆಜಾನ್ ಆದರೂ ಇಬ್ಬರೂ ಸೋಲಲಿಲ್ಲ. ಕೊನೆಗೆ ಪಕ್ಕದ ಮನೆಯವರ ಸಣ್ಣ ದೋಣಿ ಮತ್ತು ಒಂದು ಗಳ ಕೇಳಿ ತಾ ಎಂದು ನನ್ನನ್ನೇ ಕಳಿಸಿದರು.