ಮುಂಜಾನೆ ಮಾಡಿದ ತಪಾಸಣೆ

ಮೊನ್ನೆ ಬಾಗಿಲ ಚೌಕಟ್ಟಿಗೆ ಮೊಣಕೈ ಬಡಿಸಿಕೊಂಡೆ. ನಿಮಗೂ ಆಗಿರಬೇಕು: ಬಡಿದದ್ದು ಮೊಣಕೈಗೆ, ಜುಮ್ಮೆಂದದ್ದು ಕಿರುಬೆರಳಿಗೆ. ಹೆಂಡತಿ ಓಡಿ ಬಂದು 'ಎಣ್ಣಿ ಹಚ್ಚಲೇನ್ರಿ' ಎಂದರೆ, ನಾನು ನೋವು ಮರೆತು 'ಇಲ್ಲಿ ಒಂದು ನರಾ ಹಾದು ಹೋಗತೈತಿ ನೋಡು' ಎಂದು ಪಾಠ ಶುರುಮಾಡಿದೆ. ಅವಳು ಎಣ್ಣೆಯ ಬಟ್ಟಲನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಈ ಚಟ ನನಗೆ ಅಂಟಿದ್ದು ಜಮಖಂಡಿಯಲ್ಲಿ, ಸಂಸ್ಥಾನದ ಕೊನೆಯ ವರ್ಷಗಳಲ್ಲಿ, ಕಾಂಪೌಂಡರ್ ಕೆಲಸ ಕಲಿಯಲು ಹೋದಾಗ.

ನಮಗೆ ಕಲಿಸುತ್ತಿದ್ದ ಡಾಕ್ಟರ್ ಸಾಹೇಬರು ಮುಂಬಯಿಯಲ್ಲಿ ಓದಿ ಬಂದವರು. ಕಾಂಪೌಂಡರನಿಗೆ ಔಷಧ ಅಳೆದು ಬೆರೆಸಲು ಬಂದರೆ ಸಾಕು ಎಂದು ಎಲ್ಲರೂ ತಿಳಿದಿದ್ದ ಕಾಲವದು. ಇವರು ಮಾತ್ರ 'ಕೈ ಏನ್ ಕೊಡಾಕತ್ತೈತಿ ಅನ್ನೂದು ತಲಿಗೆ ಗೊತ್ತಿರಬೇಕಲೇ' ಎಂದು ನಮ್ಮ ಮೂವರನ್ನು ಕೂಡಿಸಿಕೊಂಡು ನರ, ಸ್ನಾಯು, ಅವುಗಳ ಮೇಲೆ ಔಷಧ ನಡೆಸುವ ಆಟ ಎಲ್ಲವನ್ನೂ ಹೇಳಿಕೊಡುತ್ತಿದ್ದರು. ಒಮ್ಮೆ ಕಪ್ಪೆ ಕೊಯ್ದು ತೋರಿಸುವ ಪಾಠ ಬಂತು. ನಮ್ಮಲ್ಲೊಬ್ಬ ತೇರದಾಳದ ಜೈನರವನು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಸಾಹೇಬರು ಮರುಮಾತಿಲ್ಲದೆ ಕಪ್ಪೆಯನ್ನು ಬಾವಿಗೆ ಬಿಡಿಸಿದರು. ಅಂಗಿಯ ತೋಳು ಮಡಚಿ, ಲಕ್ವಾ ಹೊಡೆದವರಿಗೆಂದು ಇಟ್ಟಿದ್ದ ಬ್ಯಾಟರಿಯ ತಂತಿಯನ್ನು ತಮ್ಮ ಮೊಣಕೈಗೇ ಹಿಡಿದರು. ಬೆರಳುಗಳು ತಾವಾಗಿಯೇ ಕುಣಿದವು. 'ನಾ ಕುಣಸಾಕತ್ತಿಲ್ಲ, ಖರೇನ' ಎಂದು ನಕ್ಕರು. ಅಂಥ ಮಾಸ್ತರರು ನನಗೆ ಮತ್ತೆ ಸಿಗಲಿಲ್ಲ.

ಔಷಧದ ಪಾಠವೆಂದರೆ ನನಗೆ ಭಾರಿ ಹುರುಪು. ಬೆಲ್ಲಡೋನಾ ಕಣ್ಣಿನ ಪಾಪೆಯನ್ನು ಅರಳಿಸುತ್ತದೆ ಎಂದು ಕೇಳಿ ಸುಮ್ಮನಿರಲಾರದೆ ಒಂದು ಹನಿಯನ್ನು ನನ್ನ ಕಣ್ಣಿಗೇ ಬಿಟ್ಟುಕೊಂಡೆ. ವಾರದ ತನಕ ಆ ಕಣ್ಣಿಗೆ ಅಕ್ಷರ ಕಾಣಲಿಲ್ಲ. ಬಿಸಿಲು ತಾಳದೆ ಅದೊಂದನ್ನೇ ಮುಚ್ಚಿಕೊಂಡು ಬಜಾರದಲ್ಲಿ ಕಂಡಕಂಡವರಿಗೆ ಕಣ್ಣು ಹೊಡೆಯುವವನ ಹಾಗೆ ತಿರುಗಿದೆ. ಇಷ್ಟಾದರೂ ಪರೀಕ್ಷೆಯಲ್ಲಿ ನಾನೇ ಮೊದಲು ಬಂದೆ. ಆಮೇಲೆ ಕೇಳಬೇಕೆ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನನ್ನ ಅಕ್ಕ ಗಂಗವ್ವನನ್ನು ನಮ್ಮೂರು ಅನಗವಾಡಿಯಿಂದ ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟಿದ್ದೆವು. ಅಲ್ಲಿ ಗಂಡಸರು ಮಗ್ಗಕ್ಕೆ ಕೂತರೆ ಹೆಂಗಸರು ರಾಟಿಗೆ ಕೂತು, ಲಾಳಿಯೊಳಗೆ ಹೋಗುವ ನೂಲನ್ನು ಕಂಡಿಕೆಗೆ ಸುತ್ತಿ ಕೊಡಬೇಕು. ಕಂಡಿಕೆ ನಿಂತರೆ ಮಗ್ಗವೂ ನಿಂತಿತು. ಅಕ್ಕ ಮುಂಜಾನೆ ಚುರುಕಾಗಿ ಸುತ್ತುತ್ತಿದ್ದಳು. ಮಧ್ಯಾಹ್ನವಾದರೆ ಕೈ ಜೋಲುತ್ತಿತ್ತು, ರೆಪ್ಪೆ ಇಳಿಯುತ್ತಿತ್ತು, ಮಾತು ಮೂಗಿನಲ್ಲಿ ಬರುತ್ತಿತ್ತು. ಜೋಳದ ರೊಟ್ಟಿ ಅಗಿಯುತ್ತ ಅಗಿಯುತ್ತ ದವಡೆ ಸೋತು ತಾಟು ಸರಿಸುತ್ತಿದ್ದಳು. ಅವಳ ಅತ್ತೆಗೆ ಕಂಡದ್ದು ಒಂದೇ: ಸೊಸೆ ರಾಟಿಯ ಮುಂದೆ ತೂಕಡಿಸುತ್ತಾಳೆ. 'ಮುಂಜಾನಿ ಬರೂ ಕೈ ಮಧ್ಯಾಹ್ನ ಎಲ್ಲಿ ಹೊಕ್ಕೈತಿ?' ಎಂದು ಅವರು ಬೈಯುತ್ತಿದ್ದರು. ಈಗ ನೆನೆದರೆ, ಅದು ವೈದ್ಯಕೀಯ ಕಲಿತವನು ಕೇಳಬೇಕಾದ ಪ್ರಶ್ನೆಯೇ ಆಗಿತ್ತು.

ನಾನು ಬನಹಟ್ಟಿಗೆ ಹೋದಾಗ ಅತ್ತೆಯೇ ಹೇಳಿದರು: 'ನೀ ದವಾಖಾನ್ಯಾಗ ಕಲ್ಯಾಕತ್ತಾಂವ. ನಿಮ್ಮಕ್ಕನ್ನ ನೀನ ನೋಡಪಾ. ರೋಗ ಇದ್ರ ಔಷಧ ಮಾಡಸ್ತೇವಿ.' ನ್ಯಾಯದ ಮಾತು. ಮರುದಿನ ಮುಂಜಾನೆ, ಅಕ್ಕ ನಿದ್ದೆ ಮುಗಿಸಿ ಎದ್ದ ಹೊತ್ತಿಗೆ, ನಾನು ಮೊಣಕಾಲು ತಟ್ಟಿದೆ, ಕಾಲು ಚಿಮ್ಮಿತು. ನನ್ನ ಕೈ ಹಿಚುಕು ಎಂದೆ, ಗಟ್ಟಿಯಾಗಿ ಹಿಚುಕಿದಳು. ಗಂಟಲು ಸರಿಮಾಡಿಕೊಂಡು, 'ನರಾ ಛಲೋ ಅದಾವ, ಸ್ನಾಯೂನೂ ಛಲೋ ಅದಾವ. ರೋಗ ಏನೂ ಇಲ್ಲ. ಮನಸ್ಸಿಟ್ಟು ಮಾಡಬೇಕಷ್ಟ' ಎಂದು ಎಲ್ಲರ ಮುಂದೆ ತೀರ್ಪು ಕೊಟ್ಟೆ. ಅಕ್ಕ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ತಿಂಗಳೊಳಗೆ ಅಪ್ಪನ ಕಾಗದ ಬಂತು. ಬನಹಟ್ಟಿಯವರು ಅಕ್ಕನನ್ನು ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ತರುತ್ತಾರಂತೆ. 'ತಮ್ಮನ ಹೇಳ್ಯಾನ ರೋಗ ಇಲ್ಲಂತ, ಇದು ಮೈಗಳ್ಳತನ' ಎಂದು ಹಿರಿಯರ ಮುಂದೆ ನನ್ನ ಮಾತನ್ನೇ ಇಟ್ಟರಂತೆ. ಕಾಗದ ಹಿಡಿದು ಔಷಧದ ಕೋಣೆಯಲ್ಲಿ ಅಳುತ್ತ ಕೂತಿದ್ದಾಗ ಸಾಹೇಬರು ಬಂದರು. ಎಲ್ಲವನ್ನೂ ಹೇಳಿದೆ.

'ಎಷ್ಟೊತ್ತಿಗೆ ನೋಡಿದಿ?'

'ಮುಂಜಾನಿರಿ.'

'ಸಂಜಿ ಮುಂದ?'

ನೋಡಿಲ್ಲವೆಂದು ತಲೆಯಾಡಿಸಿದೆ.

'ಇವತ್ತ ಬನಹಟ್ಟಿಗೆ ಕಾಗದ ಬರಿ. ಅಕ್ಕನ್ನ ಕರಕೊಂಡ ಬರ್ರಿ, ಅತ್ತಿನೂ ಬರಲಿ. ರಾಟಿ, ನೂಲು ಗಾಡ್ಯಾಗ ಹಾಕ್ಕೊಂಡ ಬರ್ರಿ ಅಂತ ಬರಿ.'

ದವಾಖಾನೆಗೆ ರಾಟಿ! ಗಾಡಿಯಿಂದ ಇಳಿಸುವಾಗ ಮಂದಿ ನೆರೆದು ನಕ್ಕರು. ದಾರಿಯುದ್ದಕ್ಕೂ ಮಲಗಿ ಬಂದ ಅಕ್ಕ ಆರಾಮಾಗಿಯೇ ಕಂಡಳು. ಸಾಹೇಬರು ವರಾಂಡದಲ್ಲಿ ರಾಟಿ ಇಡಿಸಿ 'ಸುತ್ತವಾ' ಎಂದು ತಾವೂ ಎದುರಿಗೆ ನೆಲದ ಮೇಲೆ ಕೂತರು. ಮೊದಲ ಕಂಡಿಕೆ ಸರಸರ ತುಂಬಿತು. ಎರಡನೆಯದಕ್ಕೆ ರಾಟಿ ನಿಧಾನವಾಯಿತು. ನಾಲ್ಕನೆಯದಕ್ಕೆ ರೆಪ್ಪೆ ಇಳಿದು, ಕೈ ಜಾರಿ ತೊಡೆಯ ಮೇಲೆ ಬಿತ್ತು. ಅಳುತ್ತ ಏನೋ ಹೇಳಿದಳು, ಯಾರಿಗೂ ತಿಳಿಯಲಿಲ್ಲ.

ಸಾಹೇಬರು ಮುಂಬಯಿಯಿಂದ ತರಿಸಿದ್ದ ಔಷಧದ ಸಣ್ಣ ಗಾಜಿನ ಬುಡ್ಡಿಯ ಕತ್ತು ಒಡೆದು ಅಕ್ಕನ ತೋಳಿಗೆ ಸೂಜಿ ಚುಚ್ಚಿದರು. ಅರ್ಧ ತಾಸು ಕಳೆಯುವುದರೊಳಗೆ ಅಕ್ಕನ ರೆಪ್ಪೆಗಳು ಮೇಲೆದ್ದವು. ತನ್ನ ಕೈಯನ್ನು ತಾನೇ ಎತ್ತಿ ಎತ್ತಿ ನೋಡಿಕೊಂಡಳು. ಯಾರೂ ಹೇಳದೆ ಮತ್ತೆ ರಾಟಿ ತಿರುಗಿಸಿದಳು. ಯಪ್ಪಾ, ಆ ಸದ್ದು! ನಾನು ನಾಚಿಕೆ ಬಿಟ್ಟು ಗೋಳೋ ಎಂದೆ.

'ನೋಡವಾ,' ಸಾಹೇಬರು ಅತ್ತೆಗೆ ಹೇಳಿದರು, 'ನರಾ ಹುಕುಂ ಕಳಸ್ತೈತಿ. ನರಾ, ಸ್ನಾಯು ಕೂಡೂ ಜಾಗಾದಾಗ ಒಂದ ಸಣ್ಣ ಸಂದು ಐತಿ. ಹುಕುಂ ಅದನ್ನ ದಾಟಾಕ ಒಂದ ರಸಾ ಬೇಕು. ಈಕಿಗೆ ದುಡದಂಗ ದುಡದಂಗ ಹುಕುಂ ಮುಟ್ಟೂದಿಲ್ಲ. ಈ ಔಷಧ ಆ ರಸಾ ಲಗೂನ ಹಾಳಾಗದಂಗ ತಡೀತೈತಿ. ರೋಗ ಪೂರಾ ಹೋಗೂದಿಲ್ಲ. ಹೊತ್ತಹೊತ್ತಿಗೆ ಗುಳಿಗಿ ಕೊಟ್ಟು, ದಣದಾಗ ಕೂಡಾಕ ಬಿಟ್ರ ಛಲೋ ಇರತಾಳ.'

ಅತ್ತೆ ತುಂಬಿದ ಕಂಡಿಕೆಯೊಂದನ್ನು ಎತ್ತಿ ನೋಡಿದರು. ಆಮೇಲೆ ನನ್ನತ್ತ ಬೆರಳು ಮಾಡಿದರು: 'ಮತ್ತ ಇಂವಾ ಏನೂ ಇಲ್ಲ ಅಂದ್ನಲ್ರಿ?'

'ತಪ್ಪು ನಂದವಾ. ನಾ ಅರ್ಧಾ ಕಲಿಸಿದ್ದೆ. ಕಲಿಸಿದಷ್ಟ ಇಂವಾ ಹೇಳ್ಯಾನ' ಎಂದರು ಸಾಹೇಬರು.

ಸುಳ್ಳು. ಆ ಸಂದಿನ ಪಾಠವನ್ನು ಅವರು ಎರಡು ದಿನ ಮಾಡಿದ್ದರು. ನಾನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮೊದಲು ಬಂದಿದ್ದೆ. ಅಕ್ಕನ ಮುಂದೆ ಕೂತಾಗ ಮಾತ್ರ ನೆನಪಾಗಲಿಲ್ಲ. ಅಷ್ಟು ದೊಡ್ಡ ಡಾಕ್ಟರು, ನೆರೆದ ಮಂದಿಯ ಮುಂದೆ, ನನ್ನಂಥವನ ಮಾನ ಉಳಿಸಲು ತಮ್ಮ ಮಾನ ಕೊಟ್ಟರು. ನಾನು ತಲೆ ತಗ್ಗಿಸಿ ಸುಮ್ಮನೆ ನಿಂತೆ.

ಬೇರೆ ಹೆಣ್ಣಿನ ಮಾತು ಅಲ್ಲಿಗೇ ನಿಂತಿತು. ಮಧ್ಯಾಹ್ನದ ಕಂಡಿಕೆಗಳನ್ನು ಅತ್ತೆ ತಾವೇ ಸುತ್ತತೊಡಗಿದರು. ಸಂಸ್ಥಾನ ವಿಲೀನವಾದ ಮೇಲೆ ಸಾಹೇಬರು ಊರು ಬಿಟ್ಟರು; ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಬಂತು.

ಇಷ್ಟೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂಡಲಾಗಲಿಲ್ಲ. ನಿನ್ನೆ ಬಸ್ಸು ಹತ್ತಿ ಬನಹಟ್ಟಿಗೆ ಹೋದೆ. ಅಕ್ಕನಿಗೆ ಈಗ ಹಲ್ಲಿಲ್ಲ, ತಲೆ ಪೂರಾ ಬೆಳ್ಳಗಾಗಿದೆ.

'ಅಕ್ಕಾ, ಅವತ್ತ ತಪ್ಪು ಸಾಹೇಬರದಲ್ಲ, ನಂದು. ಅವರು ಪೂರಾ ಕಲಿಸಿದ್ರು' ಎಂದೆ.

'ಗೊತ್ತೈತಿ ಬಿಡೋ. ಅವತ್ತ ನಿನ್ನ ಮಾರಿ ನೋಡಿದ್ದೆ' ಎಂದಳು. 'ಅವರಿದ್ದಾಗ ಇದನ್ನ ಅವರಿಗೆ ಹೇಳಿದ್ಯೇನು?' ಎಂದು ಕೇಳಿದಳು.

'ಇಲ್ಲ.'

'ಹಂಗಾದ್ರ ಈಗ ಮಂದಿಗಾದ್ರೂ ಹೇಳು. ಅವರು ನಿನ್ನ ತಪ್ಪು ಮಂದಿ ಮುಂದನ ಹೊತ್ಕೊಂಡಿದ್ರು.'

ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಸಾಹೇಬರು ಅರ್ಧ ಕಲಿಸಿರಲಿಲ್ಲ. ತಪ್ಪು ನನ್ನದು.