ಕರಗದ ಐಸ್‌ಕ್ರೀಮಿನ ಉದಾಹರಣೆ

ಬಿಜೈಯ ಆ ನಾಲ್ಕು ಮಾಳಿಗೆಯ ಕಟ್ಟಡದಲ್ಲಿ ಲಿಫ್ಟು ಬರುವುದು ಅದಕ್ಕೆ ಮನಸ್ಸು ಬಂದಾಗ. ಕಾಯುವವರ ಎದುರು ಒಂದು ಬಿಳಿ ಬೋರ್ಡು. ನಾಳೆ ನೀರಿಲ್ಲ, ಆದಿತ್ಯವಾರ ಸಭೆ ಉಂಟು ಎಂದೆಲ್ಲ ಬರೆಯಲು ತೂಗುಹಾಕಿದ್ದು. ನಿವೃತ್ತರಾದ ಮರುವಾರವೇ ಮುಕುಂದ ಭಟ್ಟರು ಅದನ್ನು ವಶಪಡಿಸಿಕೊಂಡರು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಮಾರ್ಕರ್ ಹಿಡಿದು ಕೆಳಗಿಳಿದು, ಒಂದು ಇಂಗ್ಲಿಷ್ ಪದ, ಅದರ ಅರ್ಥ, ಒಂದು ಉದಾಹರಣೆ ವಾಕ್ಯ, ಅಡಿಯಲ್ಲಿ ಆ ವಾಕ್ಯದ ಕನ್ನಡ, ಇಷ್ಟನ್ನು ಬರೆದರೆ ಮಾತ್ರ ಅವರಿಗೆ ಕಾಫಿ ಗಂಟಲಲ್ಲಿ ಇಳಿಯುವುದು. ನೀರಿನ ವಿಷಯ ಬರೆಯಬೇಕಾದವರು ಬೋರ್ಡಿನ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ ಬರೆದುಕೊಳ್ಳಬೇಕು.

ಭಟ್ಟರದ್ದು ದೇವಸ್ಥಾನದ ಪೂಜೆಯ ಮನೆತನ. ಕನ್ನಡ ಶಾಲೆಯಲ್ಲಿ ಓದಿ ವಿಮಾ ಕಚೇರಿ ಸೇರಿದವರು. ಸೇರಿದ ಹೊಸತರಲ್ಲಿ ಸಾಹೇಬನೊಬ್ಬ ಇವರ ಇಂಗ್ಲಿಷ್ ಪತ್ರವನ್ನು ಎಲ್ಲರೆದುರು ಓದಿ ನಕ್ಕಿದ್ದ. ಅಂದಿನಿಂದ ಡಿಕ್ಷನರಿಯನ್ನು ಅರೆದು ಕುಡಿದರು. ಆದರೆ ಏನು ಪ್ರಯೋಜನ? ಕಚೇರಿಯಲ್ಲಿ ಫೈಲು ಕೇಳಿದರೇ ಹೊರತು ಪದ ಕೇಳಿದವರಿಲ್ಲ. ತನ್ನ ಇಂಗ್ಲಿಷನ್ನು ಒಬ್ಬರಾದರೂ ನಂಬಿ ನಡೆಯಬೇಕು ಎಂಬ ಆಸೆ ಅವರ ಹೊಟ್ಟೆಯಲ್ಲಿ ಹಾಗೇ ಉಳಿದಿತ್ತು.

ಅವರದ್ದೊಂದು ಹಟ. ಉದಾಹರಣೆ ನಮ್ಮ ಕಟ್ಟಡದ್ದೇ ಆಗಬೇಕು, ಅದೂ ನಿಜವಾಗಿ ನಡೆದದ್ದು. "ಪುಸ್ತಕದ ಟಾಮ್ ಮೇರಿ ಕಟ್ಟಿಕೊಂಡು ನಮಗೆಂತ ಆಗ್ಬೇಕು?" ಎನ್ನುವರು. ಹಾಗಾಗಿ 'ಸ್ಟಿಂಜಿ', ಎಂದರೆ ಜಿಪುಣ, ಎಂಬ ಪದಕ್ಕೆ, "ಮೂರನೇ ಮಾಳಿಗೆಯಲ್ಲಿ ಒಬ್ಬರು ಕಸದ ಚೀಲವನ್ನೂ ತೊಳೆದು ಒಣಗಿಸುತ್ತಾರೆ" ಎಂದು ಬರೆದರು. ಹೆಸರು ಹಾಕಲಿಲ್ಲ, ಅಷ್ಟು ಸಭ್ಯಸ್ಥರು. ಮೂರನೇ ಮಾಳಿಗೆಯಲ್ಲಿ ಇರುವುದೇ ಎರಡು ಮನೆ, ಒಂದರ ಯಜಮಾನರು ಬೀಗ ಹಾಕಿ ದುಬೈಯಲ್ಲಿದ್ದಾರೆ. ಕೆಳಗೆ ಅಂಗಡಿಯಿಟ್ಟಿರುವ ಅಹ್ಮದ್ ಬಾವ ಬೆಳಿಗ್ಗೆ ಶಟರ್ ಎತ್ತುತ್ತಾ, "ಇವತ್ತು ಎಂತ ಪದ?" ಎಂದು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. "ಇವತ್ತು ಯಾರು?" ಎಂದಷ್ಟೇ ಕೇಳುತ್ತಿದ್ದ. ಒಂದು ಮಾತು ಒಪ್ಪಬೇಕು, ಇಡೀ ಕಟ್ಟಡಕ್ಕೆ ಇಂಗ್ಲಿಷ್ ಬಂತು. ತನ್ನನ್ನು ಬೈದದ್ದು ಏನೆಂದು ತಿಳಿಯಲು ಯಾರಾದರೂ ಅರ್ಥ ಓದಿಯೇ ಓದುತ್ತಾರೆ.

ಬೈಗುಳದ ಹೆದರಿಕೆಯಿಲ್ಲದೆ, ಪ್ರೀತಿಯಿಂದ ಕಲಿಯುತ್ತಿದ್ದವರು ಒಬ್ಬರೇ: ಮೇಲಿನ ಮಾಳಿಗೆಯ ಲ್ಯಾನ್ಸಿ, ಊರ ರೂಢಿಯಂತೆ ಭಟ್ಟರ ಬಾಯಲ್ಲಿ 'ಪೊರ್ಬುಗಳು'. ಬಹರೈನಿನಲ್ಲಿ ದುಡಿದು ಬಂದವರು, ಭಟ್ಟರ ಸಂಜೆಯ ವಾಕಿಂಗಿನ ಜೊತೆಗಾರರು. ಅವರ ಕ್ರೈಸ್ತ ಸಮುದಾಯದ ಮದುವೆಗಳಲ್ಲಿ ಊಟಕ್ಕೆ ಮೊದಲು ಒಬ್ಬರು ಎದ್ದು ಮದುಮಕ್ಕಳನ್ನು ಹೊಗಳಿ ಗ್ಲಾಸೆತ್ತುವ ಕ್ರಮ ಉಂಟು, ಟೋಸ್ಟ್ ಎನ್ನುತ್ತಾರೆ. ಲ್ಯಾನ್ಸಿಗೆ ಅದೆಂದರೆ ಜೀವ. ಬೋರ್ಡಿನ ಪದಗಳನ್ನು ಬಾಯಿಪಾಠ ಮಾಡಿ ಒಂದೊಂದನ್ನೂ ಟೋಸ್ಟಿಗೆ ಸೇರಿಸುತ್ತಿದ್ದರು. ಭಟ್ಟರ ಪದ ಹೆಚ್ಚಾದಷ್ಟೂ ಲ್ಯಾನ್ಸಿಯ ಟೋಸ್ಟ್ ಉದ್ದವಾಯಿತು. ಗುರು ಶಿಷ್ಯನ ಮುಖ ನೋಡಿದ್ದರೆ ಸಾಕಿತ್ತು, ವಾಚು ನೋಡಿದರು.

ಲ್ಯಾನ್ಸಿ ಟೋಸ್ಟ್ ಹೇಳಿದ ಒಂದು ಮದುವೆಗೆ ಭಟ್ಟರು ಹೋಗಿ ಬಂದ ಮರುದಿನ ಬೋರ್ಡಿನಲ್ಲಿ 'ವರ್ಬೋಸ್' ಕಾಣಿಸಿತು. ಅರ್ಥ: ಬೇಡದ ಮಾತು ಬೆಳೆಸುವ. ಉದಾಹರಣೆ: "ಟೋಸ್ಟ್ ಎಷ್ಟು ವರ್ಬೋಸ್ ಆಗಿತ್ತೆಂದರೆ ಐಸ್‌ಕ್ರೀಮ್ ಕರಗಿ ಹೋಯಿತು."

ಭಟ್ಟರ ಹೆಂಡತಿ ಸತ್ಯಭಾಮಾ ತರಕಾರಿ ತರಲು ಇಳಿದವರು ಓದಿ ವಾಪಸ್ಸು ಬಂದರು. "ಐಸ್‌ಕ್ರೀಮ್ ಎಲ್ಲಿ ಕರಗಿತ್ತು? ಊಟ ಆದ ಮೇಲೆ ಅಲ್ವಾ ಕೊಟ್ಟದ್ದು? ನೀವು ಎರಡು ಕಪ್ ತಿಂದಿರಿ."

"ವಾಕ್ಯಕ್ಕೆ ಒಂದು ತೂಕ ಬೇಡ್ವಾ ಮಾರಾಯ್ತಿ?" ಎಂದರು ನಿಜವೇ ಬರೆಯುವ ಭಟ್ಟರು.

ಕಟ್ಟಡ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಲ್ಯಾನ್ಸಿಯೂ ನಕ್ಕರು, ಪಾಪ. ಆದರೆ ಮೊದಲ ಮಾಳಿಗೆಯ ಮಗ್ದಲೀನ್ ಟೀಚರ್ ನಗಲಿಲ್ಲ. ಅವರ ಮಗ ಕ್ಯಾಲ್ವಿನ್‌ನ ಮದುವೆ ಬರುವ ತಿಂಗಳು. ಜ್ಞಾನಸ್ನಾನದ ದಿನ ಕ್ಯಾಲ್ವಿನ್‌ನನ್ನು ಎತ್ತಿಕೊಂಡು ನಿಂತ ಧರ್ಮತಂದೆ ಲ್ಯಾನ್ಸಿಯೇ. ಟೋಸ್ಟ್ ಅವರದ್ದೆಂದು ಯಾವತ್ತೋ ನಿಶ್ಚಯವಾಗಿತ್ತು. ಟೀಚರ್ ಯೋಚಿಸಿ, ಕಾರ್ಯಕ್ರಮ ನಡೆಸಲು ಗೊತ್ತುಮಾಡಿದ್ದ ಬಾಡಿಗೆಯ ಮಾತುಗಾರನಿಗೇ ಟೋಸ್ಟನ್ನೂ ಒಪ್ಪಿಸಿಬಿಟ್ಟರು. ಲ್ಯಾನ್ಸಿಗೆ ಈ ಸುದ್ದಿ ಸಿಕ್ಕಿದ್ದು ಲಿಫ್ಟಿನ ಬಳಿ, ಬೋರ್ಡಿನ ಎದುರಲ್ಲೇ.

ಅಂದಿನಿಂದ ಲ್ಯಾನ್ಸಿ ಲಿಫ್ಟು ಬಿಟ್ಟರು. ನೋಯುವ ಮೊಣಕಾಲಿಟ್ಟುಕೊಂಡು ಮೆಟ್ಟಿಲು ಹತ್ತಿದರು, ಬೋರ್ಡಿನ ಕಡೆಗೆ ಬೆನ್ನು ಹಾಕಿ. ಸಂಜೆಯ ವಾಕಿಂಗಿಗೂ ಬರಲಿಲ್ಲ. ಭಟ್ಟರು ಒಬ್ಬರೇ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದರು. ಹೊಸ ಪದದ ಬಗ್ಗೆ ಹೇಳಿಕೊಳ್ಳೋಣವೆಂದರೆ ಕೇಳುವ ಕಿವಿಯಿಲ್ಲ. ಸಂಕಟವಾಯಿತು. ಸಂಕಟವಾದರೆ ಭಟ್ಟರು ಮಾಡುವುದು ಒಂದೇ: ಬೋರ್ಡಿನಲ್ಲಿ 'ರಿಮೋರ್ಸ್' ಬರೆದರು. ಪಶ್ಚಾತ್ತಾಪ. "ಗೆಳೆಯನ ಮನಸ್ಸು ನೋಯಿಸಿದವನಿಗೆ ರಿಮೋರ್ಸ್ ಆಗಿದೆ." ಲ್ಯಾನ್ಸಿ ಮೆಟ್ಟಿಲಲ್ಲೇ ಹೋದರು. ಬೋರ್ಡಿನಲ್ಲಿ ಭಟ್ಟರು ತನ್ನ ವಿಷಯ ಬರೆದದ್ದೇ ಇಲ್ಲವಲ್ಲ, ಓದಿದ ಉಳಿದವರೆಲ್ಲ, ಮೂರನೇ ಮಾಳಿಗೆಯ ಜಿಪುಣರಿಗೆ ಕೊನೆಗೂ ಬುದ್ಧಿ ಬಂತು ಎಂದುಕೊಂಡರು.

ಕೊನೆಗೆ ಭಟ್ಟರು ಮೇಲೆ ಹೋಗಿ ಬೆಲ್ ಒತ್ತಿದರು. ಬಾಗಿಲು ಅರ್ಧ ತೆರೆಯಿತು.

"ಪೊರ್ಬುಗಳೇ, ನನ್ನದು ತಪ್ಪಾಯ್ತು."

ಲ್ಯಾನ್ಸಿ ಚಿಲಕದ ಮೇಲಿನ ಕೈ ತೆಗೆಯದೆ ಹೇಳಿದರು, "ಅರ್ಥ ಗೊತ್ತಾಯ್ತು ಭಟ್ರೇ. ಉದಾಹರಣೆ ಎಲ್ಲಿ ಉಂಟು?"

ಬಾಗಿಲು ಮುಚ್ಚಿತು.

ಭಟ್ಟರು ಸೀದಾ ಮೊದಲ ಮಾಳಿಗೆಗೆ ಇಳಿದರು. ಮಗ್ದಲೀನ್ ಟೀಚರ್ ಕುರ್ಚಿ ಕೊಟ್ಟರು. ಭಟ್ಟರು ಕೂರಲಿಲ್ಲ. "ಟೀಚರ್, ಟೋಸ್ಟ್ ಲ್ಯಾನ್ಸಿಯವರಿಗೇ ಕೊಡಿ. ಧರ್ಮತಂದೆ ಅಲ್ವಾ?"

"ನಾವು ಬೇಡ ಹೇಳಿದ್ದಲ್ಲ ಭಟ್ರೇ. ಅಷ್ಟು ಇಂಗ್ಲಿಷ್ ಗೊತ್ತಿದ್ದ ನೀವೇ ಬರೆದಿದ್ದೀರಲ್ಲ? ನಿಮ್ಮ ಇಂಗ್ಲಿಷನ್ನು ನಂಬಿ ಹಾಗೆ ಮಾಡಿದ್ದು."

ಯಾವ ಮಾತಿಗಾಗಿ ಭಟ್ಟರು ಇಷ್ಟು ವರ್ಷ ಕಾದಿದ್ದರೋ ಆ ಮಾತು ಸಿಕ್ಕಿತು. ಸಿಕ್ಕಿದ ಹೊತ್ತು ನೋಡಿ! ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಈಗ ಬಾಯಿ ಬಿಟ್ಟರೆ ಬೋರ್ಡಿನ ಮರ್ಯಾದೆ ಹೋಗುತ್ತದೆ, ಬಿಡದಿದ್ದರೆ ಲ್ಯಾನ್ಸಿ ಹೋಗುತ್ತಾರೆ.

"ಆ ವಾಕ್ಯ ಸುಳ್ಳು ಟೀಚರ್," ಎಂದರು. "ಐಸ್‌ಕ್ರೀಮ್ ಕರಗಿರ್ಲಿಲ್ಲ."

"ಹೌದಾ? ಹಾಗಾದರೆ ಅದನ್ನೂ ಅಲ್ಲೇ ಬರೆಯಿರಿ. ಸುಳ್ಳು ಓದಿದವರೆಲ್ಲ ನಿಜವೂ ಓದಲಿ," ಎಂದರು ಟೀಚರ್, ತರಗತಿಯ ದನಿಯಲ್ಲೇ.

ಮರುದಿನ ಬೋರ್ಡಿನಲ್ಲಿ 'ಫಾಲ್ಸ್' ಎಂಬ ಪದ, ಮೂರನೇ ತರಗತಿಯ ಮಕ್ಕಳಿಗೂ ಗೊತ್ತಿರುವಂಥದ್ದು. ಅರ್ಥ: ಸುಳ್ಳು. ಉದಾಹರಣೆ: "ಟೋಸ್ಟಿನ ಬಗ್ಗೆ ನಾನು ಬರೆದದ್ದು ಫಾಲ್ಸ್. ಐಸ್‌ಕ್ರೀಮ್ ಗಟ್ಟಿಯೇ ಇತ್ತು, ನಾನು ಎರಡು ಕಪ್ ತಿಂದೆ." ಕೆಳಗೆ, ಮೊದಲ ಸಲ, ಒಂದು ಹೆಸರು: ಮುಕುಂದ ಭಟ್. ಅಹ್ಮದ್ ಬಾವ "ಇವತ್ತು ಯಾರು?" ಎಂದು ಕೇಳಿದಾಗ ಭಟ್ಟರು, "ನಾನೇ," ಎಂದು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದರು.

ಕ್ಯಾಲ್ವಿನ್‌ನ ಮದುವೆಯಲ್ಲಿ ಟೋಸ್ಟಿಗೆ ಎದ್ದವರು ಲ್ಯಾನ್ಸಿ. ಅಡುಗೆಯವರ ಗಡಿಬಿಡಿಯೋ ಏನೋ, ಆ ದಿನ ಐಸ್‌ಕ್ರೀಮ್ ಮೊದಲೇ ಮೇಜಿಗೆ ಬಂದಿತ್ತು. ಲ್ಯಾನ್ಸಿ ಕ್ಯಾಲ್ವಿನ್‌ನ ಬಾಲ್ಯದಿಂದ ಹಿಡಿದರು. ಶಾಲೆಗೆ ಬರುವ ಹೊತ್ತಿಗೆ ಕಪ್ಪಿನ ಅಂಚು ಮೆತ್ತಗಾಯಿತು, ಕಾಲೇಜಿಗೆ ಬರುವಾಗ ನಡುವೆ ಕುಸಿಯಿತು. ಬೋರ್ಡಿನ ಪದಗಳು ಒಂದೊಂದಾಗಿ ಬಂದವು, ಎಲ್ಲವೂ ಭಟ್ಟರು ಕಲಿಸಿದವೇ, ಒಂದೂ ಅರ್ಥ ತಪ್ಪಿರಲಿಲ್ಲ. ಭಟ್ಟರ ಕಣ್ಣು ಒದ್ದೆಯಾಯಿತು. ವಾಚು ಕಟ್ಟಿದ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡರು.

ಪಕ್ಕದಲ್ಲಿದ್ದ ಸತ್ಯಭಾಮಾ ಪಿಸುಗುಟ್ಟಿದರು, "ನೋಡಿ, ಈಗ ನಿಜವಾದ ಉದಾಹರಣೆ ಸಿಕ್ಕಿತು. ನಾಳೆಗೆ ಆಯ್ತಲ್ಲ?"

ಭಟ್ಟರು ಕಪ್ಪನ್ನು ಎತ್ತಿ, ಹಾಲಾಗಿದ್ದ ಐಸ್‌ಕ್ರೀಮನ್ನು ಗಟಗಟನೆ ಕುಡಿದರು. "ಎಂತದ್ದು ಉದಾಹರಣೆ? ನನ್ನದು ಗಟ್ಟಿಯೇ ಇತ್ತು ಮಾರಾಯ್ತಿ," ಎಂದು ಬಾಯಿ ಒರೆಸಿಕೊಂಡರು.